‘ಇವರಪ್ಪನೂ ಹಿಂಗೇ ಇದ್ದ’: ಮಕ್ಕಳಲ್ಲಿ ಎಡಿಎಚ್‌ಡಿ ಗುರುತಿಸುವ ಬಗ್ಗೆ ಒಂದಿಷ್ಟು ಮಾತು

(ನಮ್ಮ ತಾಲ್ಲೂಕಿನ ಗುರುಭವನದಲ್ಲಿ ಪೋಷಕರು ಮತ್ತು ಪ್ರಾಥಮಿಕ ಶಾಲೆಯ ಶಿಕ್ಷಕರ ಮುಂದೆ ಆಡಿದ ಮಾತುಗಳಿವು. ಅವತ್ತು ಮೈಕ್ ಕೈಕೊಟ್ಟು ಹಿಂದಿನ ಸಾಲಿನವರಿಗೆ ಅರ್ಧಕ್ಕರ್ಧ ಕೇಳಿಸಲಿಲ್ಲವಂತೆ. ಬರೆದುಕೊಡಿ ಅಂದರು, ಬರೆದಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಸೇರಿಸಿದ್ದೇನೆ.)

ನಮಸ್ಕಾರ. ಮಾತು ಶುರು ಮಾಡುವ ಮೊದಲು ಈ ಬ್ಯಾಗ್ ಖಾಲಿ ಮಾಡುತ್ತೇನೆ. ನಾಲ್ಕನೇ ಕ್ಲಾಸಿನ ಒಬ್ಬ ಹುಡುಗನದು. ಅವನನ್ನೂ ಅವರಮ್ಮನನ್ನೂ ಕೇಳಿಯೇ ತಂದಿದ್ದೇನೆ. “ಇರಿ ಮಿಸ್, ಕ್ಲೀನ್ ಮಾಡ್ಕೊಡ್ತೀನಿ” ಅಂದರು ಅವರಮ್ಮ. ಬೇಡ, ಹೇಗಿದೆಯೋ ಹಾಗೇ ಕೊಡಿ ಅಂದೆ.

ನೋಡಿ. ಕನ್ನಡದ ನೋಟ್‌ಬುಕ್ ಮೂರು. ಮೂರರಲ್ಲೂ ಮೊದಲ ಹತ್ತು ಪುಟ ಬರೆದಿದೆ, ಆಮೇಲೆ ಖಾಲಿ. ಒಂದು ಸಿಗಲಿಲ್ಲ ಅಂತ ಇನ್ನೊಂದು ಶುರುವಾಗಿದೆ, ಅದೂ ಸಿಗಲಿಲ್ಲ ಅಂತ ಮತ್ತೊಂದು. ನೀರಿನ ಬಾಟಲಿಯ ಮುಚ್ಚಳ ಎರಡಿವೆ, ಬಾಟಲಿ ಇಲ್ಲ. ಪೆನ್ಸಿಲ್ ಏಳು. ಏಳರ ಹಿಂತುದಿಯನ್ನೂ ಕಚ್ಚಿ ಕಚ್ಚಿ ಚಕ್ಕೆ ಎಬ್ಬಿಸಿದ್ದಾನೆ. ರಬ್ಬರ್ ಇಲ್ಲ. ಒಂದು ಕಾಲಿನ ಸಾಕ್ಸ್ ಇದೆ. ತಳದಲ್ಲಿ ಮುದ್ದೆಯಾಗಿ ಕೂತಿರುವುದು ಪೋಷಕರ ಸಭೆಗೆ ಕರೆದ ಚೀಟಿ. ಆ ಸಭೆ ಮುಗಿದು ಒಂದು ತಿಂಗಳಾಯಿತು.

ಇದು ಗಣಿತದ ಹೋಮ್‌ವರ್ಕ್. ಎಂಟು ಲೆಕ್ಕ. ಮೊದಲ ಮೂರು ಸರಿ, ಅಕ್ಷರವೂ ದುಂಡಗಿದೆ. ನಾಲ್ಕನೆಯದರಲ್ಲಿ ಕಳೆಯಬೇಕಾದ್ದನ್ನು ಕೂಡಿದ್ದಾನೆ. ಐದನೆಯದರಲ್ಲಿ ಬೋರ್ಡಿನ ಮೇಲಿದ್ದ 471 ಇವನ ಪುಸ್ತಕಕ್ಕೆ ಬರುವಷ್ಟರಲ್ಲಿ 41 ಆಗಿದೆ. ಆರನೆಯದರ ಪಕ್ಕ ಒಂದು ಟ್ರ್ಯಾಕ್ಟರ್ ಚಿತ್ರ. ಚೆನ್ನಾಗಿದೆ, ಹೊಗೆ ಸಮೇತ ಬರೆದಿದ್ದಾನೆ. ಏಳು, ಎಂಟು ಇಲ್ಲವೇ ಇಲ್ಲ. ಅದೇ ಏಳು, ಎಂಟನ್ನು ನಾನು ಪಕ್ಕದಲ್ಲಿ ಕೂರಿಸಿಕೊಂಡು ಬಾಯಲ್ಲಿ ಕೇಳಿದೆ. ಟಕ್ ಅಂತ ಹೇಳಿದ. ಎರಡೂ ಸರಿ.

ಇವತ್ತು ನಾನು ಹೇಳಬೇಕೆಂದಿರುವುದು ಹೆಚ್ಚುಕಡಿಮೆ ಈ ಒಂದು ಹಾಳೆಯಲ್ಲೇ ಇದೆ. ಈ ಹುಡುಗನಿಗೆ ಲೆಕ್ಕ ಬರುತ್ತದೆ. ಬರುವ ಲೆಕ್ಕ ಹಾಳೆಗೆ ಇಳಿಯುವುದಿಲ್ಲ. ಮನೆಯಲ್ಲಿ ಕೇಳಿದರೆ, ಸ್ನಾನ ಆದ ಮೇಲೆ ಟವೆಲ್ ಒಣಹಾಕಬೇಕು ಅಂತಲೂ ಅವನಿಗೆ ಗೊತ್ತು. ನೂರು ಸಲ ಹೇಳಿದ್ದಾರೆ, ಅವನೂ ನೂರು ಸಲ ತಲೆ ಆಡಿಸಿದ್ದಾನೆ. ಟವೆಲ್ ಮಾತ್ರ ಹಾಸಿಗೆ ಮೇಲೆ. ನಾವು ಇದಕ್ಕೆ ಇಡುವ ಹೆಸರುಗಳು ನಿಮಗೇ ಗೊತ್ತು: ಮೈಗಳ್ಳ, ಉಡಾಫೆ, ಕೊಬ್ಬು, ‘ಕಾಲಿಗೆ ಚಕ್ರ ಕಟ್ಕೊಂಡಿದ್ದಾನೆ’, ‘ಬೇಕಂತಲೇ ಮಾಡ್ತಾನೆ’. ಡಾಕ್ಟರುಗಳು ಇಟ್ಟಿರುವ ಹೆಸರು ಎಡಿಎಚ್‌ಡಿ. ಕನ್ನಡದಲ್ಲಿ ‘ಗಮನ ಕೊರತೆ ಮತ್ತು ಅತಿ ಚಟುವಟಿಕೆ’ ಅನ್ನುತ್ತಾರೆ. ನನಗೆ ಈ ಹೆಸರಿನ ಮೇಲೆ ಸ್ವಲ್ಪ ತಕರಾರಿದೆ. ಗಮನಕ್ಕೆ ಕೊರತೆಯೇನಿಲ್ಲ. ಕರು ಇದೆ, ಹಗ್ಗ ಕೈಯಲ್ಲಿಲ್ಲ. ಕರು ತನಗೆ ಬೇಕಾದ ಕಡೆ ಓಡುತ್ತದೆ, ನಾವು ಬೇಕು ಅಂದ ಕಡೆ ಬರುವುದಿಲ್ಲ.

ಮೊದಲೇ ಒಂದು ಮಾತು. ನಾನು ಡಾಕ್ಟರಲ್ಲ. ಹದಿಮೂರು ವರ್ಷ ಸರ್ಕಾರಿ ಶಾಲೆಯಲ್ಲಿ ಪಾಠ ಮಾಡಿ, ಆಮೇಲೆ ಆಪ್ತ ಸಮಾಲೋಚನೆ ಕಲಿತು ಈ ಕೆಲಸಕ್ಕೆ ಬಂದವಳು. ‘ಇವನಿಗೆ ಎಡಿಎಚ್‌ಡಿ ಇದೆ’ ಅಂತ ತೀರ್ಪು ಕೊಡುವುದು ನನ್ನ ಕೆಲಸವಲ್ಲ, ನಿಮ್ಮದೂ ಅಲ್ಲ. ನಮ್ಮ ಕೆಲಸ ನೋಡುವುದು. ಆ ಹದಿಮೂರು ವರ್ಷದಲ್ಲಿ ಸರಿಯಾಗಿ ನೋಡದೆ ಇದ್ದದ್ದೇ ಜಾಸ್ತಿ. ಒಬ್ಬ ಹುಡುಗನನ್ನು ವಾರಕ್ಕೆ ಮೂರು ದಿನ ಹೊರಗೆ ಹೊಂಗೆ ಮರದ ಕೆಳಗೆ ನಿಲ್ಲಿಸುತ್ತಿದ್ದೆ. ಪಕ್ಕದವನನ್ನು ತಿವಿಯುತ್ತಿದ್ದ, ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕೂಗುತ್ತಿದ್ದ, ನಿಂತೇ ಬರೆಯುತ್ತಿದ್ದ. ಹೊರಗೆ ನಿಂತು ರಸ್ತೆಯಲ್ಲಿ ಹೋಗುವ ಬಸ್ಸುಗಳನ್ನು ನೋಡುತ್ತಿದ್ದ. ಯಾವ ಬಸ್ ಎಷ್ಟು ಗಂಟೆಗೆ, ಎಷ್ಟು ತಡ, ಎಲ್ಲ ಅವನ ಬಾಯಲ್ಲಿತ್ತು. ಹತ್ತನೇ ಕ್ಲಾಸ್ ಮುಗಿಸಲಿಲ್ಲ. ಈಗ ಖಾಸಗಿ ಬಸ್ಸಲ್ಲಿ ಕಂಡಕ್ಟರ್. ನನ್ನನ್ನು ಕಂಡರೆ ಟಿಕೆಟ್ ದುಡ್ಡು ತೆಗೆದುಕೊಳ್ಳುವುದಿಲ್ಲ. ನನಗೆ ಆ ಬಸ್ ಹತ್ತುವುದಕ್ಕೇ ಮುಜುಗರ. ಅವನಿಗೆ ಎಡಿಎಚ್‌ಡಿ ಇತ್ತೋ ಇಲ್ಲವೋ ಈಗ ಹೇಳಲಾರೆ. ನಾನು ನೋಡಲಿಲ್ಲ ಅನ್ನುವುದು ಮಾತ್ರ ಖಾತ್ರಿ.

ತಪ್ಪು ಹೊರಿಸುವ ಈ ಅಭ್ಯಾಸ ನಮ್ಮೊಬ್ಬರದೇ ಅಲ್ಲ ಅಂತ ಆಮೇಲೆ ಓದಿ ಗೊತ್ತಾಯಿತು. 1902ರಲ್ಲಿ ಲಂಡನ್ನಿನಲ್ಲಿ ಜಾರ್ಜ್ ಸ್ಟಿಲ್ ಅನ್ನುವ ಮಕ್ಕಳ ಡಾಕ್ಟರು ಇಂಥ ಮಕ್ಕಳ ಬಗ್ಗೆ ಮೂರು ಉಪನ್ಯಾಸ ಕೊಟ್ಟರು. ಬುದ್ಧಿ ಚೆನ್ನಾಗಿದೆ, ಆದರೆ ಒಂದು ಕಡೆ ನಿಲ್ಲುವುದಿಲ್ಲ, ಗಮನ ಹಿಡಿಯುವುದಿಲ್ಲ ಅಂತ ಎಷ್ಟು ಚೆನ್ನಾಗಿ ವಿವರಿಸಿದರು! ಕೊನೆಗೆ ಅದಕ್ಕೆ ಇಟ್ಟ ಹೆಸರು ಮಾತ್ರ ‘ನೈತಿಕ ಹತೋಟಿಯ ಕೊರತೆ’. ಅಷ್ಟು ಓದಿದವರ ಬಾಯಲ್ಲೂ ಬಂದದ್ದು ನಡತೆಯ ಮಾತೇ. ಇನ್ನು ಹೊಂಗೆ ಮರದ ಕೆಳಗೆ ನಿಲ್ಲಿಸಿದ ನನ್ನದೇನು.

ಈಗ ಲಕ್ಷಣಗಳ ವಿಷಯ. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿ ಒಂದಿದೆ, ಡಿಎಸ್‌ಎಂ ಅಂತ. ಅದರ ಐದನೇ ಆವೃತ್ತಿ 2013ರಲ್ಲಿ ಬಂತು. ನಮ್ಮ ಡಾಕ್ಟರುಗಳೂ ಅದನ್ನು ನೋಡುತ್ತಾರೆ. ಅದರಲ್ಲಿ ಲಕ್ಷಣಗಳು ಎರಡು ಗುಂಪು. ಗಮನಕ್ಕೆ ಸಂಬಂಧಿಸಿದ್ದು ಒಂಬತ್ತು, ಚಡಪಡಿಕೆ ಮತ್ತು ದುಡುಕಿಗೆ ಸಂಬಂಧಿಸಿದ್ದು ಒಂಬತ್ತು. ಮಕ್ಕಳಲ್ಲಿ ಯಾವುದಾದರೂ ಒಂದು ಗುಂಪಿನಲ್ಲಿ ಕನಿಷ್ಠ ಆರಿರಬೇಕು. ಕೆಲವರಿಗೆ ಮೊದಲನೆಯದು ಮಾತ್ರ, ಕೆಲವರಿಗೆ ಎರಡನೆಯದು ಮಾತ್ರ, ಎರಡೂ ಇರುವವರೂ ಇದ್ದಾರೆ. ಆ ಹದಿನೆಂಟನ್ನೂ ಇಲ್ಲಿ ಓದಿ ಹೇಳುವುದಿಲ್ಲ. ಹೇಳಿದರೆ ನೀವು ಮನೆಗೆ ಹೋಗಿ ಮಗುವನ್ನು ಮುಂದೆ ನಿಲ್ಲಿಸಿಕೊಂಡು ಟಿಕ್ ಹಾಕುತ್ತೀರಿ, ನಿಮ್ಮ ಯಜಮಾನರಿಗೂ ಹಾಕುತ್ತೀರಿ. ಮರೆಯುವುದು, ಕಳೆದುಕೊಳ್ಳುವುದು, ಮಾತಿನ ಮಧ್ಯೆ ಬಾಯಿ ಹಾಕುವುದು ಎಲ್ಲ ಮಕ್ಕಳಲ್ಲೂ ಇದೆ. ಆರು ವರ್ಷದ ಮಗು ಕುಣಿಯದೆ ಸುಮ್ನೆ ಕೂತರೆ ನಾನು ಹಣೆ ಮುಟ್ಟಿ ಜ್ವರ ನೋಡುತ್ತೇನೆ.

ಅದಕ್ಕೇ ಲಕ್ಷಣಕ್ಕಿಂತ ಅದರ ಸುತ್ತಮುತ್ತ ಕೇಳುವ ಪ್ರಶ್ನೆಗಳು ಮುಖ್ಯ. ಎಲ್ಲೆಲ್ಲಿ? ಎಂದಿನಿಂದ? ಎಷ್ಟು ಪೆಟ್ಟು ಕೊಡುತ್ತಿದೆ? ಕೈಪಿಡಿಯೂ ಅದನ್ನೇ ಕೇಳುತ್ತದೆ. ಕನಿಷ್ಠ ಎರಡು ಕಡೆ ಕಾಣಬೇಕು, ಅಂದರೆ ಶಾಲೆಯಲ್ಲೂ ಮನೆಯಲ್ಲೂ. ಆರು ತಿಂಗಳಿಂದಲಾದರೂ ಇರಬೇಕು. 12 ವರ್ಷಕ್ಕೆ ಮೊದಲೇ ಶುರುವಾಗಿರಬೇಕು. ಮೊದಲು ಈ ಗಡಿ 7 ವರ್ಷ ಇತ್ತು, 2013ರಲ್ಲಿ ಏರಿಸಿದರು. ಮತ್ತೆ, ಓದು, ಗೆಳೆತನ, ಮನೆಯ ನೆಮ್ಮದಿ, ಇವುಗಳಲ್ಲಿ ಏನಾದರೂ ಕೆಡುತ್ತಿರಬೇಕು. ಶಾಲೆಯಲ್ಲಿ ಮಾತ್ರ ರಂಪ ಮಾಡಿ ಮನೆಯಲ್ಲಿ ತಣ್ಣಗಿರುವ ಮಗುವಿದ್ದರೆ ಮೊದಲು ಶಾಲೆಯನ್ನು ನೋಡಿ. ಮನೆಯಲ್ಲಿ ಮಾತ್ರ ಅಂದರೆ ಮನೆಯನ್ನು ನೋಡಿ. ಹೋದ ದೀಪಾವಳಿಯಿಂದ ಶುರುವಾಗಿದೆ, ಅದಕ್ಕೆ ಮೊದಲು ಏನೂ ಇರಲಿಲ್ಲ ಅಂದರೆ ಆ ದೀಪಾವಳಿಯ ಹೊತ್ತಿಗೆ ಏನಾಯಿತು ಅಂತ ಕೇಳಿ. ಎಡಿಎಚ್‌ಡಿ ಹಾಗೆ ತಾರೀಖು ನೋಡಿ ಬರುವುದಿಲ್ಲ.

‘ಎಂದಿನಿಂದ’ ಅನ್ನುವುದರಲ್ಲಿ ನಮ್ಮ ಕಡೆಯ ಒಂದು ವಿಶೇಷ ಇದೆ. ಇಲ್ಲಿರುವ ಶಿಕ್ಷಕರಿಗೆ ತಕ್ಷಣ ಗೊತ್ತಾಗುತ್ತದೆ. ನಮ್ಮ ಸರ್ಕಾರಿ ಶಾಲೆಗಳಲ್ಲಿ ಒಂದರಿಂದ ಮೂರನೇ ಕ್ಲಾಸಿನವರೆಗೆ ನಲಿ-ಕಲಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ ಆಮೇಲೆ ರಾಜ್ಯಕ್ಕೆಲ್ಲ ಹಬ್ಬಿದ್ದು. ಅಲ್ಲಿ ಮಗು ಎದ್ದು ಕಾರ್ಡ್ ತರಬೇಕು, ಒಂದು ತಟ್ಟೆಯಿಂದ, ಅಂದರೆ ಗುಂಪಿನಿಂದ, ಇನ್ನೊಂದು ತಟ್ಟೆಗೆ ಹೋಗಬೇಕು, ಹಾಡಬೇಕು, ಗೆಳೆಯನನ್ನು ಕೇಳಬೇಕು. ಒಂದೊಂದು ಮೆಟ್ಟಿಲು ಚಿಕ್ಕದು, ಮುಗಿದ ತಕ್ಷಣ ಗೊತ್ತಾಗುತ್ತದೆ. ಚಡಪಡಿಸುವ ಮಗುವಿಗೆ ಇದು ಮೀನಿಗೆ ನೀರು ಸಿಕ್ಕಂತೆ. ಎದ್ದು ಓಡಾಡುವುದೇ ಪಾಠ ಅಂದಮೇಲೆ ಓಡಾಡುವವನು ಹೇಗೆ ಎದ್ದು ಕಂಡಾನು? ನಾಲ್ಕನೇ ಕ್ಲಾಸಿಗೆ ಬಂದ ಕೂಡಲೇ ಬೆಂಚು, ದಪ್ಪ ಪುಸ್ತಕ, ಬೋರ್ಡ್ ನೋಡಿ ಬರೆಯುವುದು, ನಲವತ್ತು ನಿಮಿಷದ ಪೀರಿಯಡ್ಡು. ಆಗ ಶುರುವಾಗುತ್ತದೆ ದೂರು. “ಮೂರನೇ ಕ್ಲಾಸಿನವರೆಗೆ ಚೆನ್ನಾಗಿದ್ದ ಮಿಸ್, ಆಮೇಲೆ ಕೆಟ್ಟೋದ” ಅಂತ ತಾಯಂದಿರು ಹೇಳುತ್ತಾರೆ. ಕೆಟ್ಟಿಲ್ಲ. ಅವನಲ್ಲಿ ಮೊದಲೇ ಇದ್ದದ್ದು ಈಗ ಕಣ್ಣಿಗೆ ಬಿತ್ತು.

ಇಷ್ಟು ಹೊತ್ತು ಹುಡುಗ, ಹುಡುಗ ಅಂದೆ. ಬೇಕಂತ ಅನ್ನಲಿಲ್ಲ, ಅದೇ ನಮ್ಮ ತಪ್ಪು. ಊರಲ್ಲಿ ಎಲ್ಲ ಮಕ್ಕಳನ್ನೂ ಪರೀಕ್ಷೆ ಮಾಡಿದರೆ ಒಬ್ಬ ಹುಡುಗಿಗೆ ಸುಮಾರು ಇಬ್ಬರು ಹುಡುಗರ ಲೆಕ್ಕದಲ್ಲಿ ಸಿಗುತ್ತದೆ. ಆಸ್ಪತ್ರೆಗೆ ಬರುವವರಲ್ಲಿ ನೋಡಿದರೆ ಹುಡುಗಿಯರು ಇನ್ನೂ ಕಡಿಮೆ. ಉಳಿದವರು ಎಲ್ಲಿ? ಕಿಟಕಿ ಪಕ್ಕದ ಬೆಂಚಿನಲ್ಲಿ.

ಏಳನೇ ಕ್ಲಾಸಿನ ಒಬ್ಬ ಹುಡುಗಿಯನ್ನು ನನ್ನ ಹತ್ತಿರ ಕರೆದುಕೊಂಡು ಬಂದದ್ದು ಓದಿಗಾಗಿ ಅಲ್ಲ. ದಿನಾ ಅಳುತ್ತಾಳೆ ಅಂತ. ಆರು ವರ್ಷದ ಪ್ರಗತಿ ಪತ್ರ ತರಿಸಿ ನೋಡಿದೆ. ಆರರಲ್ಲೂ ‘ಒಳ್ಳೆಯ ಹುಡುಗಿ’, ಆರರಲ್ಲೂ ‘ಇನ್ನೂ ಗಮನ ಕೊಡಬೇಕು’. ಆರು ಜನ ಬೇರೆ ಬೇರೆ ಶಿಕ್ಷಕರು ಒಂದೇ ಮಾತು ಬರೆದಿದ್ದಾರೆ, ಒಬ್ಬರೂ ಹಿಂದಿನ ಪುಟ ತಿರುವಿಲ್ಲ. ಬೇರೆ ಮಕ್ಕಳು ಒಂದು ಗಂಟೆಯಲ್ಲಿ ಮುಗಿಸುವ ಹೋಮ್‌ವರ್ಕಿಗೆ ಇವಳು ರಾತ್ರಿ ಹನ್ನೊಂದರವರೆಗೆ ಕೂರುತ್ತಾಳೆ. ಮನೆಯಲ್ಲಿ “ಮೂರು ವಿಷಲ್ ಆದ್ಮೇಲೆ ಕುಕ್ಕರ್ ಆಫ್ ಮಾಡು” ಅಂದರೆ ಒಂದು ಎಣಿಸುತ್ತಾಳೆ, ಆಮೇಲೆ ಇಲ್ಲ. “ಸೀದ ಪಾತ್ರೆ ಉಜ್ಜಿ ಉಜ್ಜಿ ನನ್ ಕೈ ಸೋತೋಯ್ತು ಮಿಸ್” ಅಂದರು ಅವರಮ್ಮ. ಕುಕ್ಕರ್ ಹತ್ತಿರವೇ ನಿಂತಿರುತ್ತಾಳಂತೆ. ಕ್ಲಾಸಲ್ಲಿ ಏನಾಗುತ್ತೆ ಅಂತ ನಾನು ಕೇಳಿದೆ. ತುಂಬ ಹೊತ್ತು ಸುಮ್ಮನಿದ್ದು ಹೇಳಿದಳು: “ಮಿಸ್ ಪಾಠ ಮಾಡ್ತಿರ್ತಾರೆ. ನಾನು ಕೇಳ್ತಾನೇ ಇರ್ತೀನಿ. ಆಮೇಲೆ ನೋಡಿದ್ರೆ ಬೇರೆ ಪಾಠ ನಡೀತಿರುತ್ತೆ. ಮಧ್ಯದ್ದು ಎಲ್ಲೋಯ್ತು ಅಂತ ಗೊತ್ತಾಗಲ್ಲ.”

ಈ ಹುಡುಗಿ ಯಾರಿಗೂ ತೊಂದರೆ ಕೊಟ್ಟಿಲ್ಲ. ಹಾಗಾಗಿ ಯಾರೂ ದೂರು ಕೊಟ್ಟಿಲ್ಲ. ನಮ್ಮಲ್ಲಿ ಮಗು ಆಸ್ಪತ್ರೆಗೆ ಹೋಗುವುದು ದೊಡ್ಡವರಿಗೆ ತೊಂದರೆ ಆದಾಗ, ಅಲ್ವಾ? ಶಿಕ್ಷಕರಲ್ಲಿ ಒಂದು ಕೋರಿಕೆ. ಗಲಾಟೆ ಮಾಡುವವರನ್ನು ಹೇಗೂ ನೋಡುತ್ತೀರಿ. ವಾರಕ್ಕೊಂದು ದಿನ, ಇಡೀ ಪೀರಿಯಡ್ಡಿನಲ್ಲಿ ಒಂದೇ ಒಂದು ಸಲವೂ ನಿಮ್ಮ ಕಣ್ಣಿಗೆ ಬೀಳದ ಮಗು ಯಾವುದು ಅಂತ ನೆನಪು ಮಾಡಿಕೊಳ್ಳಿ.

ಈಗ ಎಲ್ಲರೂ ಕೇಳುವ ಪ್ರಶ್ನೆ. “ಮೊಬೈಲ್ ಕೊಟ್ರೆ ಎರಡು ಗಂಟೆ ಅಲ್ಲಾಡಲ್ಲ. ಗಮನ ಇಲ್ಲ ಅಂದ್ರೆ ಹೇಗೆ ನಂಬೋದು?” ನ್ಯಾಯವಾದ ಪ್ರಶ್ನೆ. ಮೊಬೈಲ್ ಆಟದಲ್ಲಿ ಎರಡು ಸೆಕೆಂಡಿಗೊಂದು ಬಹುಮಾನ. ಬೆಳಕು, ಸದ್ದು, ಪಾಯಿಂಟು. ಅಲ್ಲಿ ಮಗು ಗಮನವನ್ನು ಹಿಡಿದಿಟ್ಟಿಲ್ಲ, ಆಟ ಮಗುವನ್ನು ಹಿಡಿದಿಟ್ಟಿದೆ. ಮಗ್ಗಿ ಬರೆಯುವಾಗ ಬಹುಮಾನ ನಾಳೆ, ಇಲ್ಲವೇ ಪರೀಕ್ಷೆಯಲ್ಲಿ, ಇಲ್ಲವೇ ‘ದೊಡ್ಡವನಾದ ಮೇಲೆ ಗೊತ್ತಾಗುತ್ತೆ’. ಅಷ್ಟು ದೂರದ್ದಕ್ಕೆ ಈ ಮಕ್ಕಳ ಮೆದುಳು ಸುಲಭಕ್ಕೆ ಹೊರಡುವುದಿಲ್ಲ. ಇಷ್ಟವಾದದ್ದರಲ್ಲಿ ಮುಳುಗಿ ಹೋಗುವುದೂ ಎಡಿಎಚ್‌ಡಿ ಮಕ್ಕಳಲ್ಲಿ ಮಾಮೂಲು. ಹಾಗಾಗಿ ಮೊಬೈಲ್ ಪರೀಕ್ಷೆಯಲ್ಲಿ ಪಾಸಾದ ಅಂತ ನಿರಾಳ ಆಗಬೇಡಿ. ಊಟದ ತಟ್ಟೆ ಮುಂದೆ, ಸರದಿ ಕಾಯುವ ಲಗೋರಿ ಆಟದಲ್ಲಿ, ಬೆಳಗ್ಗೆ ಸಾಕ್ಸ್ ಹಾಕಿಕೊಳ್ಳುವಾಗ ನೋಡಿ. ಬೇಸರದ ಕೆಲಸದಲ್ಲಿ ಏನಾಗುತ್ತದೆ ಅನ್ನುವುದೇ ಸುಳಿವು.

ಆ ಮೆದುಳಿನ ಬಗ್ಗೆ ಒಂದೇ ವಿಷಯ ಹೇಳಿ ಮುಂದೆ ಹೋಗುತ್ತೇನೆ. 2007ರಲ್ಲಿ ಅಮೆರಿಕದಲ್ಲಿ ಮಕ್ಕಳ ಮೆದುಳನ್ನು ವರ್ಷಗಟ್ಟಲೆ ಸ್ಕ್ಯಾನ್ ಮಾಡಿ ನೋಡಿದರು. ಮೆದುಳಿನ ಹೊರಪದರ ಒಂದು ಹಂತಕ್ಕೆ ಬಲಿಯುವುದು ಬೇರೆ ಮಕ್ಕಳಲ್ಲಿ ಸುಮಾರು ಏಳೂವರೆ ವರ್ಷಕ್ಕೆ, ಎಡಿಎಚ್‌ಡಿ ಇರುವವರಲ್ಲಿ ಸುಮಾರು ಹತ್ತೂವರೆಗೆ. ಅಂದರೆ ಬಲಿಯುವ ಕ್ರಮ ಅದೇ, ಸುಮಾರು ಮೂರು ವರ್ಷ ತಡ. ಅದರಲ್ಲೂ ತಡವಾಗಿದ್ದು ಹಣೆಯ ಹಿಂದಿನ ಭಾಗ. ತಡೆದುಕೊಳ್ಳುವುದು, ಯೋಚಿಸಿ ಹೆಜ್ಜೆ ಇಡುವುದು ಅಲ್ಲಿಯ ಕೆಲಸ. ಹತ್ತು ವರ್ಷದವನು ಏಳು ವರ್ಷದವನ ಹಾಗೆ ಆಡುತ್ತಾನೆ ಅಂತ ನೀವು ಬೈಯುತ್ತೀರಲ್ಲ, ಒಂದು ಲೆಕ್ಕದಲ್ಲಿ ನೀವು ಹೇಳುವುದು ನಿಜವೇ. ಹಾಗಂತ ಸ್ಕ್ಯಾನ್ ಮಾಡಿಸಿಕೊಂಡು ಬರಬೇಡಿ. ಒಂದು ಮಗುವಿಗೆ ಇದೆಯೋ ಇಲ್ಲವೋ ಹೇಳುವ ಸ್ಕ್ಯಾನೂ ಇಲ್ಲ, ರಕ್ತ ಪರೀಕ್ಷೆಯೂ ಇಲ್ಲ.

ಇನ್ನು ಅಜ್ಜಿಯಂದಿರ ಮಾತಿಗೆ ಬರೋಣ. ಬ್ಯಾಗ್ ಕೊಟ್ಟ ಈ ಹುಡುಗನ ಅಜ್ಜಿಯೂ ಬಂದಿದ್ದರು. ನಾನು ಕೇಳುವ ಪ್ರಶ್ನೆಗಳಿಗೆಲ್ಲ ಅವರದು ಒಂದೇ ಉತ್ತರ. “ಇವರಪ್ಪನೂ ಹಿಂಗೇ ಇದ್ದ ಕಣಮ್ಮ. ಈಗ ಅಂಗ್ಡಿ ನಡೆಸ್ಕೊಂಡು ಹೋಗ್ತಿಲ್ವಾ? ಇದಕ್ಕೆಲ್ಲ ಯಾಕೆ ಆಸ್ಪತ್ರೆ?” ಅಪ್ಪ ಪಕ್ಕದ ಕುರ್ಚಿಯಲ್ಲೇ ಕೂತಿದ್ದರು. ಕಾಲು ಒಂದೇ ಸಮ ಅಲ್ಲಾಡುತ್ತಿತ್ತು. ಮಗನ ಫೈಲು ತರುತ್ತೇನೆ ಅಂತ ಎರಡು ಸಲ ಹೊರಗೆ ಹೋಗಿ ಎರಡು ಸಲವೂ ಬರಿಗೈಯಲ್ಲಿ ಬಂದಿದ್ದರು. ಅಜ್ಜಿ ಬೇಡ ಅನ್ನುವುದಕ್ಕೆ ಹೇಳಿದ ಮಾತನ್ನು ನಾನು ಸುಳಿವು ಅಂತ ಬರೆದುಕೊಂಡೆ. ಎಡಿಎಚ್‌ಡಿ ರಕ್ತದಲ್ಲಿ ಬರುವುದು ತುಂಬಾ ಜಾಸ್ತಿ. ಅವಳಿ ಮಕ್ಕಳ ಮೇಲೆ ಮಾಡಿದ ಅಧ್ಯಯನಗಳಲ್ಲಿ ಶೇ 70ರಿಂದ 80ರಷ್ಟು ಪಾಲು ಅನುವಂಶೀಯತೆಯದ್ದು ಅಂತ ಬಂದಿದೆ. ಎತ್ತರ ಕೂಡ ಹಾಗೇ ಅಲ್ವಾ, ಅಪ್ಪ ಉದ್ದ ಇದ್ದರೆ ಮಗ ಉದ್ದ. ಅದಕ್ಕೆ ಯಾರೂ ಅಮ್ಮನನ್ನು ಬೈಯುವುದಿಲ್ಲ. ಇದಕ್ಕೆ ಮಾತ್ರ “ನೀನೇ ಮುದ್ದು ಮಾಡಿ ಕೆಡಿಸಿದ್ದು” ಅಂತ ಮನೆಯಲ್ಲಿ ಎಲ್ಲರೂ ಅವಳ ಮೇಲೆ ಬೀಳುತ್ತಾರೆ.

ಅಪ್ಪ ಅಂಗಡಿ ನಡೆಸುತ್ತಿದ್ದಾರೆ ಅನ್ನುವುದೂ ನಿಜ. ಅಂಗಡಿಯಲ್ಲಿ ನಿಂತು ಓಡಾಡುವ ಕೆಲಸ, ಪ್ರತಿ ನಿಮಿಷ ಹೊಸ ಗಿರಾಕಿ. ಲೆಕ್ಕದ ಪುಸ್ತಕ ಯಾರು ಬರೆಯುತ್ತಾರೆ ಅಂತ ಕೇಳಿದೆ. ಅಮ್ಮ ಕೈ ಎತ್ತಿದರು.

ಎಡಿಎಚ್‌ಡಿ ಅಲ್ಲದೆ ಅದರ ಹಾಗೇ ಕಾಣುವುದು ಬಹಳ ಇವೆ. ಇದರಲ್ಲಿ ದಯವಿಟ್ಟು ಅವಸರ ಮಾಡಬೇಡಿ. ಕಣ್ಣು ಮಂದ ಇರುವ ಮಗು ಬೋರ್ಡ್ ನೋಡಿ ಬರೆಯುವುದಿಲ್ಲ. ಕಿವಿ ಸೋರುವ, ಪದೇ ಪದೇ ಶೀತ ಆಗುವ ಮಗುವಿಗೆ ಅರ್ಧ ಮಾತು ಕೇಳಿಸುವುದೇ ಇಲ್ಲ. ರಾತ್ರಿ ಗೊರಕೆ ಹೊಡೆದು ಬಾಯಿ ತೆರೆದು ಮಲಗುವ ಮಗುವಿಗೆ ನಿದ್ದೆ ಸಾಲದೆ ಹಗಲೆಲ್ಲ ಚಡಪಡಿಕೆ. ದೊಡ್ಡವರಿಗೆ ನಿದ್ದೆ ಕಡಿಮೆಯಾದರೆ ತೂಕಡಿಸುತ್ತೇವೆ, ಮಕ್ಕಳು ಕೆಲವರು ಉಲ್ಟಾ ಕುಣಿಯುತ್ತಾರೆ. ರಕ್ತಹೀನತೆ ನಮ್ಮ ಮಕ್ಕಳಲ್ಲಿ ಎಷ್ಟಿದೆ ಅಂತ ಆಶಾ ಕಾರ್ಯಕರ್ತೆಯರನ್ನು ಕೇಳಿ. ಅಪ್ಪ ಕುಡಿದು ಬಂದು ರಾತ್ರಿ ಗಲಾಟೆ ಮಾಡುವ ಮನೆಯ ಮಗುವಿನ ಗಮನ ಬೆಳಗ್ಗೆ ಭಾಗಾಕಾರದ ಮೇಲೆ ನಿಲ್ಲುತ್ತದಾ?

ಒಂದು ಮಾತ್ರ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದನ್ನು ನಾವು ‘ಹಗಲುಗನಸು’ ಅಂತ ತಳ್ಳಿ ಹಾಕುತ್ತೇವೆ. ಮೂರ್ಛೆ ರೋಗದಲ್ಲಿ ಬಿದ್ದು ಒದ್ದಾಡುವುದೊಂದೇ ಅಲ್ಲ, ಇನ್ನೊಂದು ಬಗೆ ಇದೆ. ಮಗು ಮಾತಾಡುತ್ತಾ ಇದ್ದದ್ದು ಹತ್ತು ಹದಿನೈದು ಸೆಕೆಂಡು ಹಾಗೇ ನಿಂತುಬಿಡುತ್ತದೆ. ಕಣ್ಣು ತೆರೆದೇ ಇರುತ್ತದೆ. ಆಮೇಲೆ ಏನೂ ಆಗದ ಹಾಗೆ ಮುಂದುವರಿಯುತ್ತದೆ. ದಿನಕ್ಕೆ ಹತ್ತಾರು ಸಲ ಆಗಬಹುದು. ಕನಸು ಕಾಣುವ ಮಗುವಿನ ಹೆಗಲು ಮುಟ್ಟಿದರೆ ಬೆಚ್ಚಿ ತಿರುಗುತ್ತದೆ. ಈ ಮಗು ಆ ಹೊತ್ತಿನಲ್ಲಿ ಮುಟ್ಟಿದರೂ ತಿರುಗುವುದಿಲ್ಲ. ಹಾಗೆ ಕಂಡರೆ ಫೋನಿನಲ್ಲಿ ವಿಡಿಯೊ ಮಾಡಿಕೊಂಡು ಡಾಕ್ಟರಿಗೆ ತೋರಿಸಿ. ಅದರ ಪರೀಕ್ಷೆಯೇ ಬೇರೆ, ಔಷಧಿಯೇ ಬೇರೆ.

ಇನ್ನೆರಡು ನಮ್ಮ ಶಾಲೆಗಳದ್ದೇ. ಐದನೇ ಕ್ಲಾಸಿನವರೆಗೆ ಕನ್ನಡದಲ್ಲಿ ಓದಿ ಆರಕ್ಕೆ ಇಂಗ್ಲಿಷ್ ಮೀಡಿಯಂಗೆ ಹಾಕಿದ ಮಗು ಕಿಟಕಿ ಆಚೆ ನೋಡದೆ ಇನ್ನೇನು ಮಾಡುತ್ತದೆ? ಅರ್ಥವಾಗದ ಮಾತನ್ನು ಆರು ಗಂಟೆ ಕೇಳಿಸಿಕೊಂಡು ಕೂರಲು ನಮಗಾಗುತ್ತದಾ? ಕನ್ನಡದಲ್ಲಿ ಕಥೆ ಹೇಳಿ ನೋಡಿ, ಅಲ್ಲಿ ಗಮನ ಇದೆಯಾ ಅಂತ. ಎರಡನೆಯದು ವಯಸ್ಸು. 1ನೇ ಕ್ಲಾಸಿಗೆ 6 ತುಂಬಿರಬೇಕು ಅನ್ನುವ ನಿಯಮ ಬಂದಾಗ ‘ಒಂದು ವರ್ಷ ವೇಸ್ಟ್’ ಅಂತ ಎಷ್ಟು ಜನ ಬೈದುಕೊಂಡೆವು! ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಒಂಬತ್ತು ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆ ನೋಡಿ 2012ರಲ್ಲಿ ಒಂದು ವರದಿ ಬಂತು. ಅಲ್ಲಿ ಜನವರಿಯಿಂದ ಡಿಸೆಂಬರ್‌ವರೆಗೆ ಹುಟ್ಟಿದವರು ಒಂದೇ ಕ್ಲಾಸಿಗೆ ಸೇರುತ್ತಾರೆ. ಡಿಸೆಂಬರಿನಲ್ಲಿ ಹುಟ್ಟಿದ ಹುಡುಗರಿಗೆ ಎಡಿಎಚ್‌ಡಿ ಅಂತ ಹೆಸರು ಬೀಳುವುದು ಜನವರಿಯವರಿಗಿಂತ ಶೇ 30 ಜಾಸ್ತಿ, ಹುಡುಗಿಯರಿಗೆ ಶೇ 70 ಜಾಸ್ತಿ. ಕಾಯಿಲೆ ತಿಂಗಳು ನೋಡಿ ಬರುತ್ತದಾ? ಹನ್ನೊಂದು ತಿಂಗಳು ಚಿಕ್ಕ ಮಗುವನ್ನು ದೊಡ್ಡವರ ಪಕ್ಕ ಕೂರಿಸಿ ಅಳೆದಿದ್ದಾರೆ, ಅಷ್ಟೆ.

ಓದುವುದರಲ್ಲೇ ತೊಡಕು ಇರುವ ಮಕ್ಕಳೂ ಗಮನ ಇಲ್ಲದವರ ಹಾಗೆ ಕಾಣುತ್ತಾರೆ. ಎಷ್ಟೋ ಮಕ್ಕಳಲ್ಲಿ ಎರಡೂ ಒಟ್ಟಿಗೇ ಇರುತ್ತವೆ. ಇದನ್ನು ಕೇಳಿ ಗೊತ್ತುಮಾಡಿಕೊಳ್ಳುವುದು ಅಂಗವೈಕಲ್ಯದ ಸರ್ಟಿಫಿಕೇಟಿನ ದೃಷ್ಟಿಯಿಂದಲೂ ಒಳ್ಳೆಯದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಕಲಿಕಾ ನ್ಯೂನತೆ ಇದೆ, ಆಟಿಸಂ ಇದೆ. ಎಡಿಎಚ್‌ಡಿ ಬೇರೆಯಾಗಿ ಇಲ್ಲ. ಇದು ಸರಿಯಲ್ಲ ಅಂತ ನನ್ನ ಅಭಿಪ್ರಾಯ.

ಎಲ್ಲಿಗೆ ಹೋಗುವುದು? ಮೊದಲು ಹತ್ತಿರದ ಮಕ್ಕಳ ಡಾಕ್ಟರು, ಕಣ್ಣು ಕಿವಿ ರಕ್ತ ನೋಡಿಸಲು. ಆಮೇಲೆ ಜಿಲ್ಲಾಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ ಹುಟ್ಟಿದ್ದೇ ನಮ್ಮ ಬಳ್ಳಾರಿಯಲ್ಲಿ, 1980ರ ದಶಕದಲ್ಲಿ, ನಿಮ್ಹಾನ್ಸ್‌ನವರು ಮಾಡಿ ತೋರಿಸಿದ್ದು. ಮಕ್ಕಳ ಆರೋಗ್ಯ ತಪಾಸಣೆಗೆ ಶಾಲೆ, ಅಂಗನವಾಡಿಗೆ ಬರುವ ಸರ್ಕಾರದ ಆರ್‌ಬಿಎಸ್‌ಕೆ ತಂಡ ನೋಡಬೇಕಾದ 30 ತೊಂದರೆಗಳ ಪಟ್ಟಿಯಲ್ಲಿ ಎಡಿಎಚ್‌ಡಿಯೂ ಇದೆ. ಅವರು ಬಂದಾಗ ಹಲ್ಲು, ತೂಕ ನೋಡಿಸಿ ಕಳಿಸಿಬಿಡಬೇಡಿ, ಬಾಯಿ ಬಿಟ್ಟು ಕೇಳಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೇ ಬೇರೆ ವಿಭಾಗ ಇದೆ, ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್ ಹತ್ತಿರ. ಎಲ್ಲಿಗೆ ಹೋಗಬೇಕೆಂದೇ ತಿಳಿಯದಿದ್ದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, 2022ರಿಂದ ಇದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಹತ್ತು ನಿಮಿಷದಲ್ಲಿ ಮಗುವನ್ನು ನೋಡಿ ಚೀಟಿ ಬರೆದು ಕಳಿಸುವವರೂ ಇದ್ದಾರೆ. ಒಬ್ಬ ತಾಯಿ ಹಾಗೆ ಬರೆಸಿಕೊಂಡು ಬಂದಿದ್ದರು. ಶಾಲೆಯಲ್ಲಿ ಹೇಗೆ ಅಂತ ಅಲ್ಲಿ ಯಾರೂ ಕೇಳಿರಲಿಲ್ಲ. ಒಳ್ಳೆಯ ಕಡೆ ಏನಿಲ್ಲವೆಂದರೂ ನಿಮಗೊಂದು, ಟೀಚರಿಗೊಂದು ಪ್ರಶ್ನೆಗಳ ಹಾಳೆ ಕೊಡುತ್ತಾರೆ. ಡಾಕ್ಟರ ರೂಮಿನಲ್ಲಿ ಹೊಸ ಜಾಗ, ಹೊಸ ಮುಖ, ಎಲ್ಲರ ಕಣ್ಣೂ ತನ್ನ ಮೇಲೆ. ಅಲ್ಲಿ ಎಂಥಾ ಮಗುವೂ ಅರ್ಧ ಗಂಟೆ ಗಾಂಧಿಯ ಹಾಗೆ ಕೂತಿರುತ್ತದೆ.

ಇನ್ನು ಪ್ರಶ್ನೆಗಳು. ಮುಂದಿನ ಸಾಲಿನಿಂದ ತಾತ ಒಬ್ಬರು ಎದ್ದರು. “ಏನಮ್ಮ, ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು? ಎರಡು ಬಿಟ್ರೆ ಸರಿ ಹೋಗೋವು.” ನಾನೂ ಕೇಳಿದೆ, ನಿಮ್ಮ ಜೊತೆ ಒಂದನೇ ಕ್ಲಾಸಿಗೆ ಸೇರಿದವರಲ್ಲಿ ಏಳನೇ ಕ್ಲಾಸಿಗೆ ಎಷ್ಟು ಜನ ಬಂದಿರಿ ತಾತ? “ನಲವತ್ತರಲ್ಲಿ ಒಂದು ಹನ್ನೊಂದು.” ಆಗಲೂ ಇತ್ತು ತಾತ, ಆ ಮಕ್ಕಳು ಶಾಲೆಯಲ್ಲಿ ಇರಲಿಲ್ಲ ಅಷ್ಟೆ ಅಂದೆ. ಎಮ್ಮೆ ಹಿಂದೆ ಓಡುವಾಗ, ಗದ್ದೆಯಲ್ಲಿ ದುಡಿಯುವಾಗ ಇದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ತಾತ ಕೂತರು. ಒಪ್ಪಿ ಕೂತರೋ ಕಾಲು ನೋವಿಗೆ ಕೂತರೋ ತಿಳಿಯದು.

ಒಬ್ಬರು ಸಕ್ಕರೆ ಬಿಡಿಸಬೇಕಾ ಅಂತ ಕೇಳಿದರು. ಹಲ್ಲಿಗೆ ಒಳ್ಳೆಯದು, ಬಿಡಿಸಿ. ಇದಕ್ಕಲ್ಲ. 1994ರಲ್ಲಿ ಅಮೆರಿಕದಲ್ಲಿ ಒಂದು ತಮಾಷೆಯ ಪ್ರಯೋಗ ಮಾಡಿದರು. ಮಕ್ಕಳಿಗೆ ಸಕ್ಕರೆಯೇ ಇಲ್ಲದ ಪಾನೀಯ ಕೊಟ್ಟು, ಅರ್ಧ ಜನ ಅಮ್ಮಂದಿರಿಗೆ ‘ಸಕ್ಕರೆ ಜಾಸ್ತಿ ಹಾಕಿದ್ದೇವೆ’ ಅಂದರು. ಆ ಅಮ್ಮಂದಿರು ‘ಅಯ್ಯೋ, ಇವತ್ತು ಹಿಡಿಯಕ್ಕೇ ಆಗ್ತಿಲ್ಲ’ ಅನ್ನುವ ಹಾಗೆ ಅಂಕ ಕೊಟ್ಟರು.

ಔಷಧಿಯ ಭಯ ಎಲ್ಲರಿಗೂ ಇತ್ತು. ಹೆಚ್ಚು ಬಳಸುವುದು ಮೀಥೈಲ್‌ಫೆನಿಡೇಟ್. ಹೊಸದೇನಲ್ಲ, 1944ರಲ್ಲೇ ಸ್ವಿಟ್ಜರ್ಲೆಂಡಿನಲ್ಲಿ ತಯಾರಾಗಿತ್ತು. ತಯಾರಿಸಿದವರ ಹೆಂಡತಿ ರೀಟಾ ಟೆನಿಸ್ ಆಡುವ ಮೊದಲು ಒಂದು ನುಂಗುತ್ತಿದ್ದರಂತೆ, ರಿಟಾಲಿನ್ ಅನ್ನುವ ಹೆಸರು ಅವರಿಂದ ಬಂತು. ಎಲ್ಲ ಮಕ್ಕಳಿಗೂ ಔಷಧಿ ಬೇಕಿಲ್ಲ. ಆರು ವರ್ಷದೊಳಗಿನವರಿಗೆ ಮೊದಲು ಕೊಡುವುದು ಅಪ್ಪ ಅಮ್ಮನಿಗೆ ತರಬೇತಿ. ಬೇಕಾದವರಿಗೆ ಡಾಕ್ಟರು ನೋಡಿ ಕೊಡುತ್ತಾರೆ. ಅಂಗಡಿಯಲ್ಲಿ ಕೇಳಿ ತರುವ ಮಾತ್ರೆ ಅಲ್ಲ, ಸಿಗುವುದೂ ಇಲ್ಲ.

ಕೊನೆಗೆ ಒಬ್ಬ ಯುವ ಮೇಷ್ಟ್ರು, ಆಸ್ಪತ್ರೆಗೆ ಹೋಗುವಾಗ ಏನು ತೆಗೆದುಕೊಂಡು ಹೋಗಲು ಹೇಳಲಿ ಅಂತ ಕೇಳಿದರು. ಎರಡು ವಾರ ಒಂದು ಚಿಕ್ಕ ಪುಸ್ತಕದಲ್ಲಿ ಬರೆಯಲು ಹೇಳಿ. ‘ತುಂಬಾ ತರಲೆ’ ಅಂತ ಅಲ್ಲ. ‘ಬೆಳಗ್ಗೆ 7.40, ಶೂ ಹಾಕಿಕೋ ಅಂದೆ, 8.05ಕ್ಕೆ ಒಂದು ಶೂ ಕೈಯಲ್ಲಿ ಹಿಡಿದು ಇರುವೆ ನೋಡುತ್ತಿದ್ದ’ ಅಂತ. ಹಳೆಯ ಪ್ರಗತಿ ಪತ್ರ ಇರಲಿ. ಮತ್ತೆ ಹಳೆಯ ನೋಟ್‌ಬುಕ್, ಹರಿದಿದ್ದರೂ ಸರಿ.

ಇದನ್ನು ಒತ್ತಿ ಹೇಳಲು ಕಾರಣ ಇದೆ. ಈ ಬ್ಯಾಗಿನ ಹುಡುಗನನ್ನು ಮೊದಲ ಸಲ ಆಸ್ಪತ್ರೆಗೆ ಕಳಿಸಿದಾಗ ಅವರಮ್ಮ ಮೂರು ಹೊಸ ನೋಟ್‌ಬುಕ್ ಒಯ್ದಿದ್ದರು. ಬ್ರೌನ್ ಕವರ್, ಹೆಸರಿನ ಚೀಟಿ, ಒಳಗೆ ಮುತ್ತಿನಂಥ ಅಕ್ಷರ. ಡಾಕ್ಟರು ನಾಲ್ಕು ಪುಟ ತಿರುವಿ ಹುಡುಗನನ್ನು ಕೇಳಿದರಂತೆ, ಇದು ಯಾರು ಬರೆದದ್ದು ಅಂತ. ಅವನು ಕುರ್ಚಿಯ ಕೆಳಗಿನಿಂದಲೇ ಉತ್ತರ ಕೊಟ್ಟ.

“ನಮ್ಮಕ್ಕ. ರಾತ್ರಿಯೆಲ್ಲ ಕೂತು ಬರೆದ್ಲು.”